ಶಾಯಿ, ಮಳೆ, ಅಕ್ಕಿಚೀಲ: ಹೊರದೇಶದ ಚೀನೀಯರು ಬಾಲ್ಯವನ್ನು ಚಿತ್ರದಲ್ಲಿ ಹುಡುಕುವುದು ಯಾಕೆ?

ಒಂದು ವಿಡಿಯೊ ಇದೆ, ಕೆಲವೇ ನಿಮಿಷದ್ದು. ವಯಸ್ಸಾದ ಒಬ್ಬರು ದೊಡ್ಡ ಗಾಜಿನ ಹಿಂದೆ ಕೂತಿದ್ದಾರೆ. ಕುಂಚವನ್ನು ಕಪ್ಪು ಶಾಯಿಯಲ್ಲಿ ಅದ್ದಿ ಗಾಜಿನ ಮೇಲೆ ಚೀನೀ ಅಕ್ಷರ ಬರೆಯುತ್ತಿದ್ದಾರೆ. ಮೂರೇ ಅಕ್ಷರ. ಬರೆದದ್ದನ್ನೇ ಮತ್ತೆ ಬರೆಯುತ್ತಾರೆ, ಮತ್ತೆ, ಮತ್ತೆ. ಸ್ವಲ್ಪ ಹೊತ್ತಿಗೆ ಮೇಲಿಂದ ನೀರು ಬೀಳಲು ಶುರುವಾಗುತ್ತದೆ, ಮಳೆಯ ಹಾಗೆ. ಶಾಯಿ ಕರಗಿ ಗೆರೆಗೆರೆಯಾಗಿ ಇಳಿಯುತ್ತದೆ. ಅವರು ನಿಲ್ಲಿಸುವುದಿಲ್ಲ. ಒದ್ದೆ ಗಾಜಿನ ಮೇಲೆ ಅಕ್ಷರ ಕೂರುವುದೇ ಇಲ್ಲ, ಕುಂಚ ತಾಗಿದ ಕೂಡಲೇ ಹರಿದುಹೋಗುತ್ತದೆ, ಆದರೂ ಕೈ ಮಾತ್ರ ಅದೇ ಮೂರು ಅಕ್ಷರದ ದಾರಿಯಲ್ಲೇ ಓಡಾಡುತ್ತಿರುತ್ತದೆ.

ಮೊದಲ ಸಲ ನೋಡಿದಾಗ ಇದೇನೋ ಧ್ಯಾನದ ತರಹದ್ದು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವರು ಬರೆಯುತ್ತಿರುವುದು ತಮ್ಮದೇ ಹೆಸರು.

ಅವರು ಎಫ್. ಎಕ್ಸ್. ಹರ್ಸೋನೊ. ಇಂಡೋನೇಷ್ಯಾದ ದೊಡ್ಡ ಕಲಾವಿದರಲ್ಲಿ ಒಬ್ಬರು, 1949ರಲ್ಲಿ ಪೂರ್ವ ಜಾವಾದ ಬ್ಲಿಟಾರ್ ಊರಿನಲ್ಲಿ ಹುಟ್ಟಿದವರು. ಈ ವಿಡಿಯೊ ಮಾಡಿದ್ದು 2011ರಲ್ಲಿ. ಹುಟ್ಟಿದಾಗ ಇಟ್ಟ ಹೆಸರು ಓ ಹೊಂಗ್ ಬುನ್. ಹರ್ಸೋನೊ ಅನ್ನುವ ಜಾವಾ ಹೆಸರು ಬಂದದ್ದು ಸರ್ಕಾರದ ಒತ್ತಡದಿಂದ. 1965ರಲ್ಲಿ ಶುರುವಾದ ಕಮ್ಯುನಿಸ್ಟ್ ವಿರೋಧಿ ರಕ್ತಪಾತದ ನಂತರ ಸೇನಾಧಿಕಾರಿ ಸುಹಾರ್ತೊ ಅಧಿಕಾರ ಹಿಡಿದರು. ಚೀನೀ ಶಾಲೆಗಳು ಮುಚ್ಚಿದವು. 1966ರ ಕೊನೆಗೆ ಚೀನೀ ಮೂಲದವರು ‘ಇಂಡೋನೇಷ್ಯಾದ’ ಹೆಸರು ಇಟ್ಟುಕೊಳ್ಳಬೇಕು ಅನ್ನುವ ತೀರ್ಮಾನ ಬಂತು. 1967ರಲ್ಲಿ ಇನ್ನೊಂದು ಆದೇಶ, ಚೀನೀ ಹಬ್ಬ ಆಚರಣೆ ಏನಿದ್ದರೂ ಮನೆಯೊಳಗೆ, ಬೀದಿಯಲ್ಲಿ ಕಾಣಬಾರದು. ಆಗ ಹರ್ಸೋನೊಗೆ ಹದಿನೆಂಟರ ಆಸುಪಾಸು. ಹೆಸರು ಬದಲಾಯಿಸಿಕೊಂಡರು. ಹೆಚ್ಚಿನವರು ಬದಲಾಯಿಸಿಕೊಂಡರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಹೆಸರು ಹೋದದ್ದು ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ. ಚೀನೀ ಹೆಸರಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಅಕ್ಷರ ಒಂದೇ, ಓದುವ ರೀತಿ ಮಾತ್ರ ಊರಿಂದ ಊರಿಗೆ ಬೇರೆ. ಚೀನಾದ ಅಧಿಕೃತ ಭಾಷೆ ಮ್ಯಾಂಡರಿನ್‌ನಲ್ಲಿ ‘ಚೆನ್’ ಅಂತ ಓದುವ ಅಕ್ಷರವನ್ನು ದಕ್ಷಿಣ ಚೀನಾದ ಹೊಕ್ಕಿಯೆನ್ ಮಾತಾಡುವವರು ‘ತಾನ್’ ಅನ್ನುತ್ತಾರೆ, ಕ್ಯಾಂಟನೀಸ್‌ನವರು ‘ಚಾನ್’ ಅನ್ನುತ್ತಾರೆ. ಹಾಗಾಗಿ ಹೆಸರು ಕೇಳಿದರೆ ಸಾಕು, ಇವರ ಅಜ್ಜ ಯಾವ ಸೀಮೆಯಿಂದ ಹಡಗು ಹತ್ತಿದ ಅಂತ ಒಂದು ಅಂದಾಜು ಸಿಗುತ್ತದೆ. ಹರ್ಸೋನೊ ಅವರ ‘ಓ’ ಕೂಡ ಹೊಕ್ಕಿಯೆನ್ ಉಚ್ಚಾರ, ಮ್ಯಾಂಡರಿನ್‌ನಲ್ಲಿ ಅದು ‘ಹು’. ಕಾನೂನು ಬಂದಾಗ ಜನ ಉಪಾಯ ಹುಡುಕಿದರು. ಹೊಸ ಹೆಸರಿನ ಒಳಗೇ ಹಳೆಯದನ್ನು ಬಚ್ಚಿಟ್ಟರು. ಲಿಮ್ ಇದ್ದವರು ಸಲೀಂ, ಹಲೀಂ ಆದರು, ತಾನ್ ಇದ್ದವರು ತನುವಿಜಯ ಆದರು. ಇಂಡೋನೇಷ್ಯಾದ ದೊಡ್ಡ ಉದ್ಯಮಿ ಸುದೋನೊ ಸಲೀಂ ಅವರ ಮೊದಲ ಹೆಸರು ಲಿಯೆಮ್ ಸಿಯೊ ಲಿಯೊಂಗ್. ಕಿವಿಗೊಟ್ಟು ಕೇಳಿದರೆ ಲಿಯೆಮ್ ಇನ್ನೂ ಅಲ್ಲೇ ಕೂತಿದೆ ಅಲ್ವಾ?

ಹೊರದೇಶದ ಚೀನೀ ಕಲಾವಿದರು ಬಾಲ್ಯದ ಬಗ್ಗೆ ಕೆಲಸ ಮಾಡುತ್ತಾರೆ ಅಂದಾಗ ನಮಗೆ ಬರುವ ಮೊದಲ ಚಿತ್ರ ಯಾವುದು? ಕೆಂಪು ಕಾಗದದ ದೀಪ, ಅಜ್ಜಿಯ ಅಡುಗೆ, ಹೊಸ ವರ್ಷದ ಪಟಾಕಿ. ಅಂಥದ್ದೂ ಇದೆ, ಜಾಸ್ತಿಯೇ ಇದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಕೃತಿಗಳಲ್ಲಿ ಇರುವುದು ಇನ್ನೊಂದು ಬಗೆಯ ನೆನಪು, ಚಿಕ್ಕಂದಿನಲ್ಲಿ ಕೈಗೆ ಸಿಗದೇ ಹೋದದ್ದರ ನೆನಪು. ಕಲಿಸದೇ ಬಿಟ್ಟ ಭಾಷೆ. ಬದಲಾದ ಹೆಸರು. ‘ಅದನ್ನ ಯಾರ ಹತ್ರನೂ ಹೇಳ್ಬೇಡ’ ಅಂತ ಮನೆಯಲ್ಲಿ ಕೊಟ್ಟ ಎಚ್ಚರಿಕೆ. ಮಾತು ಕೈಕೊಟ್ಟ ಜಾಗದಲ್ಲಿ ಚಿತ್ರ ಬಂದು ಕೂತಿದೆ, ನನಗೆ ಕಾಣುವುದು ಹೀಗೆ.

ಪದಗಳ ಬಗ್ಗೆಯೂ ಒಂದೆರಡು ಮಾತು. ಚೀನೀ ಭಾಷೆಯಲ್ಲಿ ಹೊರದೇಶದ ಚೀನೀಯರಿಗೆ ‘ಹುವಾಚಿಯಾವ್’ ಅನ್ನುವ ಪದ ಇದೆ. ‘ಚಿಯಾವ್’ ಅಂದರೆ ಸದ್ಯಕ್ಕೆ ಬೇರೆ ಕಡೆ ತಂಗಿರುವವನು, ಇವತ್ತಲ್ಲ ನಾಳೆ ವಾಪಸ್ ಬರುವವನು. 1909ರಲ್ಲಿ ಚಿಂಗ್ ದೊರೆಗಳ ಸರ್ಕಾರ ಮಾಡಿದ ಕಾನೂನಿನ ಪ್ರಕಾರ ಚೀನೀ ತಂದೆಯ ಮಗು ಜಗತ್ತಿನ ಯಾವ ಮೂಲೆಯಲ್ಲಿ ಹುಟ್ಟಿದರೂ ಚೀನಾದ ಪ್ರಜೆ. ಇದರಿಂದ ಆಗ್ನೇಯ ಏಷ್ಯಾದ ಹೊಸ ದೇಶಗಳಿಗೆ ತಲೆಬಿಸಿ ಆಯಿತು, ಇವರು ನಮ್ಮವರೋ ಅವರವರೋ ಅಂತ. 1955ರಲ್ಲಿ ಏಷ್ಯಾ ಆಫ್ರಿಕಾ ದೇಶಗಳ ಬಾಂಡುಂಗ್ ಸಮ್ಮೇಳನದ ಹೊತ್ತಿಗೆ ಚೀನಾ ಮತ್ತು ಇಂಡೋನೇಷ್ಯಾ ಒಂದು ಒಪ್ಪಂದ ಮಾಡಿಕೊಂಡವು, ಎರಡರಲ್ಲಿ ಒಂದು ಪೌರತ್ವ ಆರಿಸಿಕೊಳ್ಳಿ ಅಂತ. ಮೂರು ತಲೆಮಾರಿನಿಂದ ಜಕಾರ್ತಾದಲ್ಲೋ ಸಿಡ್ನಿಯಲ್ಲೋ ಇರುವವರಿಗೆ ಈ ‘ತಂಗಿರುವವನು’ ಅನ್ನುವ ಪದ ಹಿಡಿಸುವುದಿಲ್ಲ. ಅವರು ‘ಹುವಾರೆನ್’ ಅನ್ನುತ್ತಾರೆ, ಮೂಲ ಚೀನಾದ್ದು, ದೇಶ ಯಾವುದಾದರೂ ಆಗಿರಲಿ. ಹೆಚ್ಚಿನವರ ಹಿರಿಯರು ಹೊರಟದ್ದು ದಕ್ಷಿಣದ ಫುಚಿಯೆನ್, ಗುವಾಂಗ್‌ಡೊಂಗ್ ಕರಾವಳಿಯಿಂದ. ಅವರ ಮನೆಮಾತು ಮ್ಯಾಂಡರಿನ್ ಅಲ್ಲವೇ ಅಲ್ಲ. ಹೊಕ್ಕಿಯೆನ್, ತಿಯೋಚ್ಯೂ, ಕ್ಯಾಂಟನೀಸ್, ಹಕ್ಕಾ, ಹೆಚ್ಚಾಗಿ ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗದ ಮಾತುಗಳು.

ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗದೇ ಇರುವುದು ಆಸ್ಟ್ರೇಲಿಯಾದ ಒಂದು ಮನೆಯಲ್ಲಿ ಏನು ಮಾಡಿತು ನೋಡಿ.

ವಿಲಿಯಂ ಯಾಂಗ್ 1943ರಲ್ಲಿ ಉತ್ತರ ಕ್ವೀನ್ಸ್‌ಲ್ಯಾಂಡಿನ ಮರೀಬಾದಲ್ಲಿ ಹುಟ್ಟಿದರು. ಬೆಳೆದದ್ದು ಹತ್ತಿರದ ಡಿಂಬುಲಾದಲ್ಲಿ, ಅಪ್ಪನದು ಹೊಗೆಸೊಪ್ಪಿನ ಹೊಲ. ಅಮ್ಮನ ಮಾತು ಕ್ಯಾಂಟನೀಸ್, ಅಪ್ಪನದು ಹಕ್ಕಾ. ಹಾಗಾಗಿ ಗಂಡ ಹೆಂಡತಿ ಮಾತಾಡಿಕೊಳ್ಳುತ್ತಿದ್ದದ್ದು ಇಂಗ್ಲಿಷಿನಲ್ಲಿ! ಅಮ್ಮ ಕ್ಯಾಂಟನೀಸ್ ಕಲಿಸಬಹುದಿತ್ತು, ಕಲಿಸಲಿಲ್ಲ. ಚೀನೀಯರಾಗಿರುವುದು ಈ ದೇಶದಲ್ಲಿ ಒಂದು ಹೊರೆ, ಮಕ್ಕಳು ಆಸ್ಟ್ರೇಲಿಯಾದವರಿಗಿಂತ ಹೆಚ್ಚು ಆಸ್ಟ್ರೇಲಿಯಾದವರಾಗಲಿ ಅನ್ನುವುದು ಆಕೆಯ ಲೆಕ್ಕ. 1901ರ ಕಾನೂನಿನಿಂದ ಶುರುವಾದ ಬಿಳಿಯರ ಆಸ್ಟ್ರೇಲಿಯಾ ನೀತಿ ಪೂರ್ತಿ ಹೋದದ್ದು 1973ರಲ್ಲಿ. ಆಕೆಯ ಲೆಕ್ಕವನ್ನು ಇಲ್ಲಿ ಕೂತು ತಪ್ಪು ಅನ್ನುವುದು ಸುಲಭ.

ವಿಲಿಯಂಗೆ ಆರು ವರ್ಷ. ಶಾಲೆಯಲ್ಲಿ ಒಬ್ಬ ಹುಡುಗ ‘ಚಿಂಗ್ ಚಾಂಗ್ ಚೈನಾಮನ್’ ಅಂತ ಹಾಡಿ ಅಣಕಿಸಿದ. ಪದಗಳ ಅರ್ಥ ಗೊತ್ತಾಗಲಿಲ್ಲ, ಆದರೆ ದನಿಯಲ್ಲಿ ತಿರಸ್ಕಾರ ಇದೆ ಅನ್ನುವುದು ಗೊತ್ತಾಯಿತು. ಮನೆಗೆ ಬಂದು ಅಮ್ಮನನ್ನು ಕೇಳಿದ, ನಾನು ಚೀನೀಯವನಲ್ಲ ಅಲ್ವಾ ಅಂತ. ಅಮ್ಮ ಗಟ್ಟಿ ದನಿಯಲ್ಲಿ, ಹೌದು, ನೀನು ಚೀನೀಯವನೇ ಅಂದಳು. ಅಣ್ಣ ಪಕ್ಕದಲ್ಲಿದ್ದವನು, ಅಭ್ಯಾಸ ಮಾಡ್ಕೊಳ್ಳೋದು ಒಳ್ಳೇದು ಅನ್ನುವ ಅರ್ಥದಲ್ಲಿ ಏನೋ ಹೇಳಿದ. ಅಷ್ಟೇ ಘಟನೆ. ಚೀನೀಯನಾಗಿರುವುದು ಒಂದು ಶಾಪ ಅಂತ ಆ ಹುಡುಗನಿಗೆ ಗೊತ್ತಾದದ್ದು ಹೀಗೆ, ಅಮ್ಮನ ಬಾಯಿಂದ.

ಮುಂದೆ ಈತ ಸಿಡ್ನಿಗೆ ಹೋಗಿ ಛಾಯಾಗ್ರಾಹಕರಾದರು, ಪಾರ್ಟಿಗಳ, ಅಲ್ಲಿನ ಸಲಿಂಗಿ ಸಮುದಾಯದ ಫೋಟೊ ತೆಗೆದು ಹೆಸರು ಮಾಡಿದರು. ನಲವತ್ತರ ಹೊತ್ತಿಗೆ ಚೀನಾದ ಪ್ರಾಚೀನ ತಾವೋ ಮಾರ್ಗದ ಪರಿಚಯವಾಯಿತು, ಯಂಗ್ ಅಂತ ಇಂಗ್ಲಿಷಾಗಿದ್ದ ಮನೆತನದ ಹೆಸರನ್ನು ಯಾಂಗ್ ಅಂತ ತಿದ್ದಿಕೊಂಡರು. ಚೀನೀಯನಾಗಿ ಬಯಲಿಗೆ ಬಂದೆ ಅನ್ನುತ್ತಾರೆ ಅದಕ್ಕೆ. ಸಲಿಂಗಿಗಳು ತಮ್ಮ ಬಗ್ಗೆ ಬಾಯಿಬಿಟ್ಟು ಹೇಳಿಕೊಳ್ಳುವಾಗ ಬಳಸುವ ಮಾತನ್ನೇ ಇಲ್ಲಿಗೂ ತಂದದ್ದು, ಅವರ ಬದುಕಿನಲ್ಲಿ ಎರಡೂ ನಡೆದಿವೆ.

ಯಾಂಗ್ ಮಾಡುವುದು ತುಂಬ ಸರಳ ಕೆಲಸ. ಮನೆಯ ಹಳೆಯ ಫೋಟೊವನ್ನು ದೊಡ್ಡದಾಗಿ ಮುದ್ರಿಸುತ್ತಾರೆ, ಅದರ ಮೇಲೆಯೇ ಕೈಬರಹದಲ್ಲಿ ಕಥೆ ಬರೆಯುತ್ತಾರೆ. ಬಾಲ್ಯದ ಫೋಟೊ ಒಂದರ ಮೇಲೆ ಈ ಶಾಲೆಯ ಕಥೆ ಇದೆ. ಫೋಟೊದಲ್ಲಿ ಇರುವುದು ಶುಭ್ರ ಬಟ್ಟೆ ಹಾಕಿದ ಮುದ್ದು ಹುಡುಗ. ಬರಹದಲ್ಲಿ ಇರುವುದು ಆ ಫೋಟೊ ಹೇಳದೇ ಬಿಟ್ಟದ್ದು. ಯೋಚಿಸಿ, ನಮ್ಮ ಎಲ್ಲರ ಮನೆಯ ಆಲ್ಬಮ್ಮಿನಲ್ಲೂ ನಗು ಮಾತ್ರ ಇರುತ್ತದೆ, ಅಳುವ ಮಗುವಿನ ಫೋಟೊ ತೆಗೆಯಲು ಸ್ಟುಡಿಯೊಗೆ ಯಾರು ಹೋಗುತ್ತಾರೆ? ಆ ಕೈಬರಹ ಕೂಡ ಮುಖ್ಯ. ಅಚ್ಚಿನ ಅಕ್ಷರ ಹಾಕಿದ್ದರೆ ಅದು ಮ್ಯೂಸಿಯಂನ ವಿವರಣೆಯ ಹಾಗೆ ಕಾಣುತ್ತಿತ್ತು, ಕೈಬರಹ ಇರುವುದರಿಂದ ದೊಡ್ಡವನಾದ ವಿಲಿಯಂ ಚಿಕ್ಕ ವಿಲಿಯಂನ ಪಕ್ಕ ಕೂತು ಹೇಳುತ್ತಿರುವ ಹಾಗಿದೆ. 1992ರ ಒಂದು ಪ್ರದರ್ಶನದಲ್ಲಿ ಇವರು ಸ್ಲೈಡ್ ಹಾಕುತ್ತಾ, ವೇದಿಕೆಯಲ್ಲಿ ನಿಂತು ಇನ್ನೂ ಒಂದು ಕಥೆ ಹೇಳಿದರು. 1922ರಲ್ಲಿ ಅಮ್ಮನ ಕಡೆಯ ಬಂಧು ವಿಲಿಯಂ ಫಾಂಗ್ ಯುಯೆನ್ ತನ್ನ ಕಬ್ಬಿನ ತೋಟದ ಬಿಳಿಯ ಮ್ಯಾನೇಜರನಿಂದ ಕೊಲೆಯಾದ ಕಥೆ. ಆ ಮ್ಯಾನೇಜರನಿಗೆ ಶಿಕ್ಷೆ ಆಗಲಿಲ್ಲ.

ಇನ್ನು ಅಮೆರಿಕದ್ದು. ಇದು ಇನ್ನೂ ವಿಚಿತ್ರ, ಏಕೆಂದರೆ ಇಲ್ಲಿ ಬಾಲ್ಯದ ನೆನಪೇ ವೀಸಾ ಕಾಗದವಾಗಿಬಿಟ್ಟಿತ್ತು.

1882ರಲ್ಲಿ ಅಮೆರಿಕ ಚೀನೀ ಕೂಲಿಗಳು ಬರಬಾರದು ಅಂತ ಕಾನೂನು ಮಾಡಿತು. ಅದು ರದ್ದಾದದ್ದು 1943ರಲ್ಲಿ. ವ್ಯಾಪಾರಿಗಳು, ವಿದ್ಯಾರ್ಥಿಗಳಂಥ ಕೆಲವರನ್ನು ಬಿಟ್ಟರೆ, ಅಮೆರಿಕದಲ್ಲೇ ಹುಟ್ಟಿದ ಚೀನೀ ಮೂಲದ ಪ್ರಜೆಗಳು ಮತ್ತು ಅವರ ಮಕ್ಕಳು ಬರಬಹುದಿತ್ತು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪ, ಬೆಂಕಿ. ಊರಿನ ಜನನ ದಾಖಲೆಗಳು ಸುಟ್ಟುಹೋದವು. ನಾನು ಇಲ್ಲೇ ಹುಟ್ಟಿದವನು ಅಂದರೆ ಅಲ್ಲ ಅಂತ ತೋರಿಸಲು ಕಾಗದ ಇಲ್ಲ! ಹಾಗೆ ಪ್ರಜೆಗಳಾದವರು ಚೀನಾದಲ್ಲಿ ನನಗೆ ಇಷ್ಟು ಗಂಡುಮಕ್ಕಳಿದ್ದಾರೆ ಅಂತ ಬರೆಸಿದರು, ಆ ಜಾಗಗಳನ್ನು ನೆಂಟರಿಗೆ, ಊರಿನವರಿಗೆ ಮಾರಿದರು. ಕಾಗದದ ಮೇಲೆ ಮಾತ್ರ ಮಗ. ‘ಕಾಗದದ ಮಕ್ಕಳು’ ಅನ್ನುವ ಹೆಸರೇ ಬಂತು.

ಅಧಿಕಾರಿಗಳಿಗೂ ಇದು ಗೊತ್ತಿತ್ತು. 1910ರಿಂದ 1940ರವರೆಗೆ ಕೊಲ್ಲಿಯ ನಡುವಿನ ಏಂಜೆಲ್ ದ್ವೀಪದಲ್ಲಿ ಬಂದವರನ್ನು ಕೂಡಿಹಾಕಿ ಪ್ರಶ್ನೆ ಕೇಳುತ್ತಿದ್ದರು. ನಿನ್ನ ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿ ಡಬ್ಬ ಎಲ್ಲಿಡುತ್ತಾರೆ? ಬಾವಿ ಯಾವ ದಿಕ್ಕಿಗಿದೆ? ಪಕ್ಕದ ಮನೆಯಲ್ಲಿ ಯಾರಿದ್ದಾರೆ? ಅದೇ ಪ್ರಶ್ನೆಯನ್ನು ‘ಅಪ್ಪ’ನಿಗೂ ಕೇಳಿ ಉತ್ತರ ತಾಳೆ ಹಾಕುತ್ತಿದ್ದರು. ಅದಕ್ಕೆಂದೇ ಉತ್ತರದ ಪುಸ್ತಕಗಳು ತಯಾರಾಗುತ್ತಿದ್ದವು. ಹುಡುಗರು ತಿಂಗಳುಗಟ್ಟಲೆ ಬೇರೆ ಯಾರದೋ ಮನೆ, ಯಾರದೋ ಬಾವಿ, ಯಾರದೋ ಅಜ್ಜಿಯನ್ನು ಬಾಯಿಪಾಠ ಮಾಡಿ, ಹಡಗು ದಡ ಸೇರುವ ಮೊದಲು ಪುಸ್ತಕವನ್ನು ಸಮುದ್ರಕ್ಕೆ ಎಸೆಯುತ್ತಿದ್ದರು. ಬಂದ ಮೇಲೂ ಜೀವನಪೂರ್ತಿ ಆ ಸುಳ್ಳು ಬಾಲ್ಯವೇ ಅಧಿಕೃತ. ನಿಜವಾದದ್ದನ್ನು ಸ್ವಂತ ಮಕ್ಕಳಿಗೂ ಹೇಳುವ ಹಾಗಿಲ್ಲ, ಮಗು ಶಾಲೆಯಲ್ಲಿ ಬಾಯಿಬಿಟ್ಟರೆ ಗಡೀಪಾರು.

ಫ್ಲೊ ಓಯ್ ವಾಂಗ್ ಇಂಥ ಗುಟ್ಟಿನ ಮನೆಯವರು. 1938ರಲ್ಲಿ ಓಕ್‌ಲ್ಯಾಂಡ್ ಚೈನಾಟೌನಿನಲ್ಲಿ ಹುಟ್ಟಿದರು, ಮನೆಯವರದು ಹೋಟೆಲು. ಅಮ್ಮ ಅಮೆರಿಕದೊಳಗೆ ಬಂದದ್ದು ಅಪ್ಪನ ಹೆಂಡತಿಯಾಗಿ ಅಲ್ಲ, ಕಾಗದದ ಮೇಲೆ ಅಪ್ಪನ ಅಕ್ಕತಂಗಿಯಾಗಿ. ಫ್ಲೊ ಕಲೆಗೆ ಇಳಿದದ್ದೇ ನಲವತ್ತರ ವಯಸ್ಸಿನಲ್ಲಿ. ಮೊದಲು ಮನೆಯ ಫೋಟೊ ನೋಡಿಕೊಂಡು ಚೈನಾಟೌನಿನ ಬಾಲ್ಯವನ್ನು ಪೆನ್ಸಿಲಿನಲ್ಲಿ ಬಿಡಿಸಿದರು. ಆಮೇಲೆ ಅಕ್ಕಿಚೀಲದ ಬಟ್ಟೆ ಹಿಡಿದರು. ಹೊಲಿಗೆ, ಮಿಂಚುವ ಬಿಲ್ಲೆ, ಚೀಲದ ಮೇಲಿನ ಅಚ್ಚು, ಎಲ್ಲ ಸೇರಿಸಿದರು. 2000ದಲ್ಲಿ ಏಂಜೆಲ್ ದ್ವೀಪದಲ್ಲೇ ಒಂದು ಪ್ರದರ್ಶನ ಮಾಡಿದರು. ಅಲ್ಲಿ ಕೂಡಿಹಾಕಲ್ಪಟ್ಟವರ ಕಥೆ ಕೇಳಿ, ಅಮೆರಿಕದ ಬಾವುಟ ಮತ್ತು ಅಕ್ಕಿಚೀಲ ಸೇರಿಸಿ ಹೊಲಿದು, ಅದರ ಮೇಲೆ ಅವರ ಹೆಸರಿನ ಗುಟ್ಟುಗಳನ್ನು ಅಚ್ಚು ಹಾಕಿದರು. ಆ ಪ್ರದರ್ಶನದ ಹೆಸರಿನ ಕೊನೆಗೆ ಒಂದು ‘ಶ್ಶ್‌ಶ್’ ಇದೆ. ಬಾಲ್ಯಪೂರ್ತಿ ಕೇಳಿದ ಶಬ್ದ ಅದೇ ಇರಬೇಕು.

ಅಕ್ಕಿಚೀಲ ಯಾಕೆ ಅಂತ ನಮ್ಮವರಿಗೆ ವಿವರಿಸಬೇಕಾಗಿಲ್ಲ. ಖಾಲಿಯಾದ ಚೀಲವನ್ನು ಬಿಚ್ಚಿ, ಒಗೆದು, ಕೈಒರೆಸುವ ಬಟ್ಟೆ ಮಾಡಿದ ಮನೆಯಲ್ಲಿ ಬೆಳೆದವರಿಗೆ ಅದು ಕೈಗೇ ಗೊತ್ತು.

ಹುಂಗ್ ಲಿಯು ಅವರದು ಬೇರೆ ದಾರಿ, ಅವರು ಚೀನಾದಲ್ಲೇ ಬೆಳೆದು 1984ರಲ್ಲಿ ಅಮೆರಿಕಕ್ಕೆ ಬಂದವರು. 1988ರಲ್ಲಿ ತಮ್ಮ ಗ್ರೀನ್ ಕಾರ್ಡನ್ನೇ ಗೋಡೆಯಷ್ಟು ದೊಡ್ಡದಾಗಿ ಬಿಡಿಸಿದರು. ಹೆಸರಿನ ಜಾಗದಲ್ಲಿ ‘ಫಾರ್ಚೂನ್ ಕುಕೀ’, ಅಂದರೆ ಅಮೆರಿಕದ ಚೀನೀ ಹೋಟೆಲುಗಳಲ್ಲಿ ಊಟದ ಕೊನೆಗೆ ಕೊಡುವ, ಚೀನಾದಲ್ಲಿ ಯಾರೂ ತಿನ್ನದ ಬಿಸ್ಕತ್ತು. ಹುಟ್ಟಿದ ವರ್ಷ 1948 ಇದ್ದದ್ದನ್ನು 1984 ಮಾಡಿದರು. ಎರಡು ಅಂಕಿ ಅದಲುಬದಲು, ಮೂವತ್ತಾರು ವರ್ಷ ಮಾಯ.

ಮತ್ತೆ ಹರ್ಸೋನೊ ಹತ್ತಿರ ಬರುತ್ತೇನೆ, ಅವರದು ಹೆಸರಿಗೆ ಮುಗಿಯುವ ಕಥೆ ಅಲ್ಲ. ಅವರ ಅಪ್ಪ ಬ್ಲಿಟಾರಿನಲ್ಲಿ ಫೋಟೊಗ್ರಾಫರ್. 1947ರಿಂದ 49ರ ನಡುವೆ, ಡಚ್ಚರ ವಿರುದ್ಧದ ಹೋರಾಟದ ಗೊಂದಲದಲ್ಲಿ, ಆ ಭಾಗದ ಎಷ್ಟೋ ಚೀನೀಯರನ್ನು ಕೊಂದು ಗುಂಡಿಗಳಲ್ಲಿ ಹೂತಿದ್ದರು. 1951ರಲ್ಲಿ ಚೀನೀ ಸಂಘದವರು ಆ ಗುಂಡಿಗಳನ್ನು ಅಗೆದು ಮೂಳೆಗಳನ್ನು ತೆಗೆದು ಸರಿಯಾಗಿ ಮಣ್ಣು ಮಾಡಿದರು. ಫೋಟೊ ತೆಗೆದದ್ದು ಹರ್ಸೋನೊ ಅವರ ಅಪ್ಪ. ಆ ಫೋಟೊಗಳು ಮನೆಯಲ್ಲೇ ಇದ್ದವು. ಒಂದೇ ಕೈ, ಮದುವೆಯ ಫೋಟೊ, ಮಕ್ಕಳ ಫೋಟೊ, ತಲೆಬುರುಡೆಯ ಫೋಟೊ.

2009ರಲ್ಲಿ ಹರ್ಸೋನೊ ಇವನ್ನು ಅಕ್ಕಪಕ್ಕ ಇಟ್ಟು ಚಿತ್ರ ಮಾಡಿದರು. ಒಂದು ಕಡೆ ಮನೆಮಂದಿ, ಇನ್ನೊಂದು ಕಡೆ ಅಗೆದು ತೆಗೆದ ಮೂಳೆಗಳು, ಎರಡಕ್ಕೂ ಕೆಂಪು ದಾರದ ಹೊಲಿಗೆ. ನನ್ನ ಮಟ್ಟಿಗೆ ಮಳೆಯ ವಿಡಿಯೊಗಿಂತ ಇದೇ ಗಟ್ಟಿ ಕೃತಿ. ಮಳೆಯದು ನೋಡಲು ಚಂದ, ಸ್ವಲ್ಪ ಜಾಸ್ತಿಯೇ ಚಂದ. ಇದು ಚಂದ ಆಗಲು ಒಪ್ಪುವುದಿಲ್ಲ. ನೋಡಿದವರಿಗೆ ಹೊಳೆಯುವುದು ಇಷ್ಟೇ, ಆ ಮನೆಯವರು ಕ್ಯಾಮೆರಾ ಮುಂದೆ ಸಾಲಾಗಿ ನಿಂತ ಕಾಲವೂ ಆ ಗುಂಡಿ ತೋಡಿದ ಕಾಲವೂ ಹೆಚ್ಚುಕಡಿಮೆ ಒಂದೇ. ಆಮೇಲೆ ಅವರು ಜಾವಾದ ಬೇರೆ ಬೇರೆ ಊರಿನ ಇಂಥ ಸಮಾಧಿಗಳಿಗೆ ಹೋಗಿ, ಕಲ್ಲಿನ ಮೇಲೆ ಬಟ್ಟೆ ಹರಡಿ, ಬಣ್ಣದ ಕಡ್ಡಿ ಉಜ್ಜಿ, ಸತ್ತವರ ಹೆಸರುಗಳನ್ನು ಬಟ್ಟೆಗೆ ಇಳಿಸಿಕೊಂಡರು. ಚಿಕ್ಕಂದಿನಲ್ಲಿ ನಾವು ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಅದೇ ಉಪಾಯ. ಓದಲು ಬರದಿದ್ದರೂ ಹೆಸರು ಕೈಗೆ ಬರುತ್ತದೆ. 1966ರ ನಂತರ ಚೀನೀ ಶಾಲೆಯೇ ಇಲ್ಲದ ದೇಶದಲ್ಲಿ ಬೆಳೆದ ತಲೆಮಾರಿಗೆ ಇದಕ್ಕಿಂತ ಸರಿಯಾದ ದಾರಿ ನನಗೆ ಹೊಳೆಯುವುದಿಲ್ಲ. ಚೀನೀ ಹಬ್ಬ ಆಚರಣೆಯ ಮೇಲಿನ 1967ರ ನಿಷೇಧ ತೆಗೆದದ್ದು 2000ದಲ್ಲಿ, ಅಬ್ದುರ್ರಹಮಾನ್ ವಾಹಿದ್ ಅಧ್ಯಕ್ಷರಾಗಿದ್ದಾಗ. ಅದಕ್ಕೂ ಮೊದಲು 1998ರ ಮೇ ತಿಂಗಳ ಗಲಭೆಯಲ್ಲಿ ಜಕಾರ್ತಾದ ಚೀನೀಯರ ಅಂಗಡಿಗಳು ಉರಿದಿದ್ದವು.

ಹೊರದೇಶದಲ್ಲಿ ಬೆಳೆದ ನಮ್ಮ ಮಕ್ಕಳೂ ‘ಕನ್ನಡ ಅರ್ಥವಾಗುತ್ತೆ, ಓದೋಕೆ ಬರಲ್ಲ’ ಅನ್ನುತ್ತಾರೆ ಅಂತ ಇಲ್ಲಿ ಹೋಲಿಸುವ ಆಸೆ ಆಗುತ್ತದೆ. ಸುಮ್ನೆ ಹೋಲಿಸಬಾರದು. ನಮ್ಮ ಅಕ್ಷರವನ್ನು ಯಾರೂ ಕಾನೂನು ಮಾಡಿ ಬೀದಿಯಿಂದ ಒರೆಸಲಿಲ್ಲ. ಇನ್ನೊಂದು ಕಡೆ, ಇದೆಲ್ಲ ಎಲ್ಲೋ ದೂರದ ಕಥೆ ಅನ್ನುವ ಹಾಗೂ ಇಲ್ಲ. 1962ರ ಯುದ್ಧದ ಹೊತ್ತಿಗೆ ಅಸ್ಸಾಂ, ಬಂಗಾಳದ ಕಡೆಯ ಸುಮಾರು 3000 ಚೀನೀ ಮೂಲದವರನ್ನು, ಮಕ್ಕಳು ಮುದುಕರು ಸಮೇತ, ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಿದ್ದು ಭಾರತವೇ.

ಸಿಂಗಪುರದ್ದು ತಿರುಗುಮುರುಗು. ಅಲ್ಲಿ ಚೀನೀಯರೇ ಬಹುಸಂಖ್ಯಾತರು, ಚೀನೀ ಹೆಸರು ಬಿಡಿ ಅಂತ ಯಾರೂ ಹೇಳಲಿಲ್ಲ. ಹೋದದ್ದು ಬೇರೆ. 1979ರಲ್ಲಿ ಸರ್ಕಾರವೇ ಮ್ಯಾಂಡರಿನ್ ಮಾತಾಡಿ ಅನ್ನುವ ಅಭಿಯಾನ ಶುರು ಮಾಡಿತು, ಹೊಕ್ಕಿಯೆನ್ ಕ್ಯಾಂಟನೀಸ್ ಕಾರ್ಯಕ್ರಮಗಳು ರೇಡಿಯೊ ಟಿವಿಯಿಂದ ಮರೆಯಾದವು, ಎಷ್ಟೋ ಮನೆಗಳಲ್ಲಿ ಅಜ್ಜಿಗೂ ಮೊಮ್ಮಗುವಿಗೂ ನಡುವೆ ಮಾತು ತೆಳ್ಳಗಾಯಿತು. ಅದೇ ಕಾಲದಲ್ಲಿ ಹಳೆಯ ಓಣಿಗಳು ಖಾಲಿಯಾಗಿ ಜನ ಸರ್ಕಾರಿ ಫ್ಲ್ಯಾಟುಗಳಿಗೆ ಹೋದರು. ಗೋಡೆಚಿತ್ರ ಬಿಡಿಸುವ ಯಿಪ್ ಯೂ ಚೊಂಗ್ 1969ರಲ್ಲಿ ಹುಟ್ಟಿ ಚೈನಾಟೌನಿನ ಸಾಗೊ ಲೇನಿನಲ್ಲಿ ಬೆಳೆದವರು. ಆ ಬಡಾವಣೆಯ ಹಳೆಯ ಮಲಯ್ ಹೆಸರು ಕ್ರೆತಾ ಆಯೆರ್, ನೀರಿನ ಗಾಡಿ ಅಂತ. ಎತ್ತಿನ ಗಾಡಿಯಲ್ಲಿ ನೀರು ತರುತ್ತಿದ್ದ ಜಾಗ. ಅಲ್ಲೇ ಪಕ್ಕದ ಟೆಂಪಲ್ ಸ್ಟ್ರೀಟ್, ಪಗೋಡ ಸ್ಟ್ರೀಟ್ ಅನ್ನುವ ಬೀದಿಗಳಿಗೆ ಹೆಸರು ಬಂದದ್ದು ಚೀನೀ ಗುಡಿಯಿಂದ ಅಲ್ಲ, ನಮ್ಮ ಕಡೆಯವರು 1827ರಲ್ಲಿ ಕಟ್ಟಿದ ಮಾರಿಯಮ್ಮನ ಗುಡಿಯಿಂದ.

ಯಿಪ್ ಹಣಕಾಸಿನ ಕೆಲಸದಲ್ಲಿದ್ದವರು. 2015ರಲ್ಲಿ ಎವರ್ಟನ್ ರೋಡಿನ ಗೋಡೆಯೊಂದರಲ್ಲಿ ಬಟ್ಟೆ ಒಗೆಯುವ ಆಯಾಳನ್ನು ಬಿಡಿಸಿದರು, ಅದರ ಬಳಿಯೇ ಕ್ಷೌರಿಕ, ದಿನಸಿ ಅಂಗಡಿ. ಆಮೇಲೆ ಕೆಲಸ ಬಿಟ್ಟರು. ಚೈನಾಟೌನಿನ ಗೋಡೆಯ ಮೇಲೆ ತಾವು ಬೆಳೆದ ಮನೆಯನ್ನೇ ಬಿಡಿಸಿದರು, ಒಳಗೆ ಕಾಲಿಡಬಹುದು ಅನ್ನುವಷ್ಟು ನಿಜವಾದ ಅಳತೆಯಲ್ಲಿ. 1970, 80ರ ದಶಕದ ಸಿಂಗಪುರವನ್ನು 60 ಮೀಟರ್ ಉದ್ದದ ಒಂದೇ ಚಿತ್ರದಲ್ಲಿ ತಂದು 2023ರಲ್ಲಿ ಪ್ರದರ್ಶನಕ್ಕಿಟ್ಟರು. ಇವು ಸಿಹಿ ಚಿತ್ರಗಳು. ಆ ಇಕ್ಕಟ್ಟಿನ ಕೋಣೆಗಳ ವಾಸನೆ, ಸಾಲು ನಿಂತು ಹೋಗಬೇಕಿದ್ದ ಕಕ್ಕಸು, ಅವೆಲ್ಲ ಇಲ್ಲಿ ಮುದ್ದಾಗಿಬಿಟ್ಟಿವೆ, ಪ್ರವಾಸಿಗರು ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ ಅನ್ನುವ ತಕರಾರು ನನ್ನದೂ ಹೌದು. ಆದರೆ ಒಂದು ಗೋಡೆ ನೋಡಿದಾಗ ತಕರಾರು ಸ್ವಲ್ಪ ಇಳಿಯುತ್ತದೆ. ಅದರಲ್ಲಿ ಪತ್ರ ಬರೆದುಕೊಡುವವನು ಇದ್ದಾನೆ. ಓದು ಬರಹ ಬಾರದ ಕೂಲಿಗಳು, ಮನೆಗೆಲಸದ ಹೆಂಗಸರು ಅವನ ಮೇಜಿನ ಮುಂದೆ ಕೂತು ಊರಿಗೆ ಹೇಳಬೇಕಾದ್ದನ್ನು ಹೇಳುತ್ತಿದ್ದರು, ಅವನು ಅದನ್ನು ಅಕ್ಷರ ಮಾಡುತ್ತಿದ್ದ. ಅಮ್ಮನಿಗೆ ಹೇಳುವ ಮಾತೂ ಮೂರನೆಯವನ ಕೈಯಿಂದ ಹೋಗಬೇಕಿತ್ತು.

ಸಿಂಗಪುರದ ರಾಷ್ಟ್ರೀಯ ಗ್ಯಾಲರಿಯಲ್ಲಿ ಇನ್ನೊಂದು ಚಿತ್ರ ಇದೆ, ಎಣ್ಣೆಬಣ್ಣದ್ದು. ಬಿಡಿಸಿದ್ದು ಚುವಾ ಮಿಯಾ ಟೀ, ಚೀನಾದ ಶಾಂತೌನಲ್ಲಿ 1931ರಲ್ಲಿ ಹುಟ್ಟಿ ಚಿಕ್ಕ ಹುಡುಗನಾಗಿದ್ದಾಗಲೇ ಸಿಂಗಪುರಕ್ಕೆ ಬಂದವರು. ವರ್ಷ 1959, ಸಿಂಗಪುರಕ್ಕೆ ಸ್ವಂತ ಆಡಳಿತ ಸಿಕ್ಕ ವರ್ಷ. ಚೀನೀ ಮೂಲದವರು ಗುಂಡು ಮೇಜಿನ ಸುತ್ತ ಕೂತು ಹೊಸ ರಾಷ್ಟ್ರಭಾಷೆ ಮಲಯ್ ಕಲಿಯುತ್ತಿದ್ದಾರೆ. ಮಲಯ್ ಮೇಷ್ಟ್ರು ನಿಂತಿದ್ದಾರೆ. ದೊಡ್ಡವರೂ ಒಂದನೇ ಕ್ಲಾಸಿನ ಮಕ್ಕಳ ಹಾಗೆ ಗಂಭೀರವಾಗಿ ಪುಸ್ತಕ ಹಿಡಿದಿದ್ದಾರೆ. ಹಿಂದಿನ ಕರಿಹಲಗೆಯ ಮೇಲೆ ಆ ದಿನದ ಪಾಠ, ಎರಡು ಸಾಲು.

ನಿನ್ನ ಹೆಸರೇನು? ನೀನು ಇರುವುದೆಲ್ಲಿ?